ಸ್ಪ್ಯಾನರಿನ ಎರಡು ಬಡಿತ

ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ ಹುಟ್ಟಿದ ಉದ್ಯಮ ವಿಶ್ವವಿದ್ಯಾಲಯ ಈಗ ನಲವತ್ತು ದೇಶಗಳಲ್ಲಿ ಬೇರುಬಿಟ್ಟಿತ್ತು. ಅಲ್ಲೆಲ್ಲ ಲೇಥ್ ಕಲಿಯಲು ಬಂದವರ ಕೈಗೆ ಯಂತ್ರದ ಮೂಲಕ ಇಳಿಸುತ್ತಿದ್ದದ್ದು ಒಬ್ಬನದೇ ಕೈಚಳಕ, ತೀರಿಹೋದ ಮೊದಲ ಮೇಸ್ತ್ರಿ ಮಡಿವಾಳಪ್ಪನದು. ಪ್ರತಿ ಸ್ಥಾಪನಾ ದಿನದಂದು ಅವನ ಹೆಂಡತಿ ನೀಲವ್ವ ಬುತ್ತಿ ಕಟ್ಟಿಕೊಂಡು ಬಂದು, ಈಗ ತರಗತಿಯಾಗಿದ್ದ ಆ ಹಳೆಯ ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಅವನು ಬದುಕಿದ್ದಾಗ, ಕಬ್ಬಿಣದ ಚೂರು ಸಿಡಿಯುವ ಆ ಜಾಗಕ್ಕೆ ಸುಮ್ಮನೆ ನುಗ್ಗುವಂತಿರಲಿಲ್ಲ. ಬುತ್ತಿ ತಂದ ಹೆಂಡತಿಯನ್ನು ಕಂಡರೆ ಮಡಿವಾಳಪ್ಪ ಲೇಥ್ ನಿಲ್ಲಿಸಿ, ಸ್ಪ್ಯಾನರಿನಿಂದ ಅದರ ಮೈಮೇಲೆ ಎರಡು ಸಲ ಬಡಿಯುತ್ತಿದ್ದ. ಒಳಗೆ ಬಾ ಎಂದರ್ಥ. ಅವನ ಕೈಚಳಕವನ್ನು ಯಂತ್ರಕ್ಕೆ ತುಂಬಿಕೊಂಡ ದಿನವೂ ಅವಳು ಬಾಗಿಲಿಗೆ ಬಂದಿದ್ದಳು, ಅವನು ಬಡಿದಿದ್ದ; ಆ ಬಡಿತವೂ ಅದರೊಳಗೆ ಸೇರಿಹೋಗಿತ್ತು. ಹಾಗಾಗಿ ಕೀನ್ಯಾದ ಹುಡುಗಿಯರೂ ವಿಯೆಟ್ನಾಮಿನ ಹುಡುಗರೂ ಲೇಥ್ ನಿಲ್ಲಿಸಿದೊಡನೆ ಎರಡು ಸಲ ಬಡಿಯುತ್ತಿದ್ದರು. ಪಠ್ಯಪುಸ್ತಕದಲ್ಲಿ ಅದಕ್ಕೆ ‘ಬಿಗಿತದ ಪರೀಕ್ಷೆ’ ಎಂಬ ಹೆಸರು ಬೇರೆ. ಅದನ್ನು ಓದಿಸಿ ಕೇಳಿದ ನೀಲವ್ವ ಸೆರಗಿನ ಮರೆಯಲ್ಲಿ ನಕ್ಕಿದ್ದಳು.

ಈ ಸಲವೂ ಊಟದ ಹೊತ್ತಿಗೆ ಲೇಥುಗಳು ನಿಂತವು. ಬಡಿತ ಮಾತ್ರ ಕೇಳಿಸಲಿಲ್ಲ.

“ಯಾಕ್ರೀ, ಯಾರೂ ಬಡೀಲಿಲ್ಲಲ್ಲ?” ಎಂದಳು ನೀಲವ್ವ.

“ಅದಕ್ಕ ಅರ್ಥನ ಇಲ್ಲಂತ ಗೊತ್ತಾತ್ರಿ ಅಮ್ಮಾರ,” ಎಂದರು ಪ್ರೊಫೆಸರ್ ಹಂಚಿನಾಳ, ಹೆಮ್ಮೆಯಿಂದ. “ಕೆಲಸಕ್ಕ ಬ್ಯಾಡಾದ್ದು. ಎಲ್ಲಾ ದೇಶದಾಗೂ ಅಳಿಸಿಬಿಟ್ಟೀವಿ. ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ.”

ನೀಲವ್ವ ಬುತ್ತಿಯನ್ನು ಎದೆಗೊತ್ತಿಕೊಂಡು ಹೊಸ್ತಿಲಾಚೆಯೇ ನಿಂತಳು.

“ಇರ್ಲಿ ಬಿಡ್ರಿ,” ಎಂದಳು. “ಅವ್ರು ಇನ್ನೂ ಕರದಿಲ್ಲ.”