ಶೇಂಗಾ ಹಿಂಡಿಯ ಸುದ್ದಿ

ಮಧ್ಯಾಹ್ನದೊಳಗೆ ಹನ್ನೊಂದು ಆರ್ಡರ್ ರದ್ದಾದವು. ದಾನವ್ವನ ಶೇಂಗಾ ಹಿಂಡಿಯಲ್ಲಿ ಹಲ್ಲಿ ಬಿದ್ದಿತ್ತು ಎಂಬ ಫೋಟೊ ಊರಿನ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಓಡಾಡುತ್ತಿತ್ತು. ಚಟ್ನಿಪುಡಿ ಡಬ್ಬಿಯ ಮೇಲಿನ ಚೀಟಿ ಅವಳದೇ. ಅದೇ ವಾಟ್ಸಾಪಿನಲ್ಲಿ ಆರ್ಡರ್ ಹಿಡಿದು, ಮೂರು ವರ್ಷ ಒಲೆಯ ಮುಂದೆ ಬೆಂದು ಕಟ್ಟಿದ ವ್ಯಾಪಾರ ಕಣ್ಣೆದುರೇ ಕುಸಿಯುತ್ತಿತ್ತು.

ಅವಳು ಅಡುಗೆಮನೆಯ ಮೂಲೆ ಮೂಲೆಯ ವಿಡಿಯೊ ಮಾಡಿ ಎಲ್ಲರಿಗೂ ಕಳಿಸಿದಳು. "ನನ್ನ ಮಕ್ಕಳಾಣಿ, ಇದು ಸುಳ್ಳ್ರಿ" ಎಂದು ಅಳುತ್ತಲೇ ವಾಯ್ಸ್ ಮೆಸೇಜ್ ಹಾಕಿದಳು. ಎಲ್ಲರೂ ಕೇಳಿಸಿಕೊಂಡರು, ಯಾರೂ ಉತ್ತರಿಸಲಿಲ್ಲ.

ಕೊನೆಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿದಳು. "ನಿಮಗ ಇದನ್ನ ಯಾರು ಕಳಿಸ್ಯಾರ್ರಿ ಅಕ್ಕಾರ?"

ಮಾಸ್ತರರ ಹೆಂಡತಿ ಬ್ಯೂಟಿ ಪಾರ್ಲರಿನವಳ ಹೆಸರು ಹೇಳಿದಳು. ಪಾರ್ಲರಿನವಳು ಔಷಧದಂಗಡಿ ಬಸಣ್ಣನ ಹೆಸರು ಹೇಳಿದಳು. ಬಸಣ್ಣ ಮಾತು ತೇಲಿಸಲು ನೋಡಿದ.

"ಬಿಡವಾ ತಂಗಿ, ಹೋಗ್ಲಿ."

"ನಿಮ್ಮ ಕಾಲಿಗೆ ಬೀಳ್ತೀನ್ರಿ ಅಣ್ಣಾರ. ನನ್ನ ಕೂಡ ಆರು ಮಂದಿ ಹೆಣ್ಮಕ್ಕಳು ದುಡೀತಾರ. ನಾಳೆ ಅವರಿಗೆ ಏನ್ ಹೇಳ್ಲಿ?"

ಬಸಣ್ಣ ಫೋನ್ ಇಟ್ಟು, ತನಗೆ ಫೋಟೊ ಕಳಿಸಿದವರ ನಂಬರನ್ನಷ್ಟೇ ಕಳಿಸಿದ. ಆ ನಂಬರು ದಾನವ್ವನಿಗೆ ಬಾಯಿಪಾಠವಿತ್ತು. ಫೋನ್ ಹಿಡಿದುಕೊಂಡೇ ಪಡಸಾಲೆಗೆ ಬಂದಳು. ಗಂಡ ಪೇಪರ್ ಓದುತ್ತ ಕೂತಿದ್ದ.

"ಯಾಕ್ರೀ? ನಿಮಗ ನಾ ಏನ್ ಮಾಡಿದ್ದೆ?"

ಅವನು ಪೇಪರಿನ ಪುಟ ತಿರುವುತ್ತಲೇ ಅಂದ.

"ಬಜಾರದಾಗ ನನ್ನ ಹೆಸರು ಹಿಡಿದು ಯಾರೂ ಕರಿಯಂಗಿಲ್ಲ. ಹಿಂಡಿ ದಾನವ್ವನ ಗಂಡ ಬಂದ ನೋಡು ಅಂತಾರ."