ಮೇಷ್ಟ್ರ ಸೀಟು

“ಇಲ್ಲಿ ನಮ್ಮ ಹೆಣ್ಮಕ್ಕಳ ಮೇಲೆ ಯಾರಾದ್ರೂ ಕೈ ಮಾಡಿದ್ರೆ ಏನು ಮಾಡ್ತೀರಿ ಮೇಡಂ?”

ಹೊಸದಾಗಿ ಸೇರಿದ ಹುಡುಗಿಯರ ತಂದೆ ತಾಯಿಗಳಿಗಾಗಿ ಕಾಲೇಜು ಕರೆದಿದ್ದ ಸಭೆಯಲ್ಲಿ ಮೊದಲು ಎದ್ದು ನಿಂತು ಕೇಳಿದವನು ಅಪ್ಪ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಮೈಕಿಲ್ಲದೆಯೂ ಕೊನೆಯ ಸಾಲಿಗೆ ಮುಟ್ಟುವ ದನಿ. ಹಾಲ್ ತುಂಬ ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ಹೆಂಗಸು ಅಮ್ಮನ ಕಡೆ ಬಾಗಿ, “ನಮ್ಮೆಲ್ಲರ ಹೊಟ್ಟೆಯೊಳಗಿದ್ದ ಮಾತನ್ನ ನಿಮ್ಮ ಯಜಮಾನ್ರು ಕೇಳಿಬಿಟ್ರು ನೋಡಿ. ಪುಣ್ಯ ಮಾಡಿದ್ರಿ,” ಎಂದಳು. ಅಮ್ಮ ತೋಳಿನ ಬಟ್ಟೆಯನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಹೂಂಗುಟ್ಟಿದಳು.

ಮಗಳು ಅಪ್ಪನ ಎಡಗೈ ನೋಡುತ್ತಿದ್ದಳು. ಗಡಿಯಾರ ಕೈಯಲ್ಲೇ ಇತ್ತು. ಗೇರು ಹಾಕಲು ಬಾರದೆ ಬೆವರುವವರಿಗೆ ಹಗಲೆಲ್ಲ “ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ” ಎನ್ನುವವನು ಅವನು. ಆ ತಾಳ್ಮೆಗೆ ಊರಲ್ಲೆಲ್ಲ ಹೆಸರು. ಸಂಜೆ ಮನೆಗೆ ಬಂದು ಗಡಿಯಾರ ಬಿಚ್ಚಿ ಷರ್ಟಿನ ಜೇಬಿಗೆ ಹಾಕಿಕೊಂಡನೆಂದರೆ ಅಮ್ಮ ಮೊದಲು ಗ್ಯಾಸ್ ಒಲೆ ಆರಿಸುತ್ತಾಳೆ. ಹಿಂದೊಮ್ಮೆ ಅವನು ತಳ್ಳಿದ ರಭಸಕ್ಕೆ ಉರಿಯುವ ಒಲೆಯ ಮೇಲೇ ಬಿದ್ದಿದ್ದಳು. ಆಮೇಲೆ ಮಗಳು ಬಂದು ನಡುವೆ ನಿಲ್ಲುತ್ತಾಳೆ. ಮಗಳನ್ನು ಅವನು ಹೊಡೆಯುವುದಿಲ್ಲ. ಅವಳನ್ನು ದಾಟಲಾಗದೆ ಬೈಯುತ್ತ ಬೀದಿಗಿಳಿಯುತ್ತಾನೆ. ಇವತ್ತಿನಿಂದ ಮಗಳ ಹಾಸಿಗೆ ಈ ಊರಿನ ಹಾಸ್ಟೆಲಿನಲ್ಲಿ.

ಬೆಳಗ್ಗೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಮೂವರೂ ಬಂದಿದ್ದರು. ಆ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕಿದೆ, ಕಲಿಯುವವರು ಎಡವಟ್ಟು ಮಾಡಿದಾಗ ಮೇಷ್ಟ್ರು ಒತ್ತಲು. ಅಪ್ಪನೇ ಓಡಿಸುವಾಗ ಅಲ್ಲಿ ಅಮ್ಮ ಕೂರಬೇಕು. ದಾರಿಯುದ್ದಕ್ಕೂ ಅವಳು ಪಾದಗಳನ್ನು ಸೀಟಿನಡಿಗೆ ಸೇರಿಸಿಕೊಂಡೇ ಕೂತಿದ್ದಳು.

“ಯಾರೂ ಕೈ ಮಾಡೋ ಹಾಗಿಲ್ಲ ಸರ್,” ಎಂದಳು ವೇದಿಕೆಯ ಮೇಲಿದ್ದ ಹಾಸ್ಟೆಲ್ ವಾರ್ಡನ್. “ಗೋಡೆ ಮೇಲೆ ನಂಬರ್ ಬರೆಸಿದೀವಿ ನೋಡಿ. ಎಷ್ಟೊತ್ತಿಗೆ ಫೋನ್ ಮಾಡಿದ್ರೂ ನಮ್ಮೋರು ಬಂದು ನಿಲ್ತಾರೆ. ಯಾರು ಹೇಳಿದ್ದು ಅಂತ ಆಚೆ ಬಿಡಲ್ಲ.”

ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು. ಅವಳ ತುಟಿ ಅಂಕಿಗಳನ್ನು ಬಾಯಿಪಾಠ ಮಾಡುತ್ತಿರುವುದು ಮಗಳಿಗೆ ಕಾಣಿಸಿತು.

“ನಾನು ನಿನ್ ಜೊತೆ ವಾಪಸ್ ಬಂದ್ಬಿಡ್ತೀನಮ್ಮ,” ಎಂದು ಪಿಸುಗುಟ್ಟಿದಳು. “ಅಲ್ಲೇ ಯಾವುದಾದ್ರೂ ಕಾಲೇಜಿಗೆ ಸೇರ್ಕೋತೀನಿ.”

“ಬಾಯ್ಮುಚ್ಚು. ಅಡ್ಡ ನಿಲ್ಲಕ್ಕೇ ಹೆತ್ತಿದ್ನಾ ನಿನ್ನ?”

ಇಷ್ಟು ಹೇಳಿದವಳು ಪ್ರಶ್ನೆ ಕೇಳಲು ಕೈ ಎತ್ತಿದಳು. ನಾಲ್ಕು ಜನರ ನಡುವೆ ಅವಳು ಬಾಯಿ ಬಿಟ್ಟಿದ್ದನ್ನೇ ಮಗಳು ಕಂಡಿರಲಿಲ್ಲ.

“ಆ ನಂಬರ್‌ಗೆ... ಮನೆಯಿಂದ ಮಾಡಿದ್ರೂ ಬರ್ತಾರಾ?”

ವಾರ್ಡನ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಕ್ಕಳು. “ಮಗಳನ್ನ ಬಿಟ್ಟಿರಕ್ಕಾಗಲ್ಲ ಅಂತ ನಮ್ಮನ್ನ ಮನೆಗೆ ಕರೆಸ್ಕೋತೀರಾ ಅಮ್ಮ? ಅದು ಮಕ್ಕಳಿಗೆ ಮಾತ್ರ.”

ಹಾಲ್ ಗೊಳ್ಳೆಂದಿತು. “ಒಂದು ವಾರ ಅಷ್ಟೇ, ಅಭ್ಯಾಸ ಆಗೋಗತ್ತೆ,” ಎಂದು ಪಕ್ಕದವಳು ಅಮ್ಮನ ಬೆನ್ನು ಸವರಿದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪ. “ನಮ್ಮನೆಯವಳು ಹಂಗೇ ಮೇಡಂ, ನೆರಳು ಕಂಡ್ರೂ ಹೆದರ್ತಾಳೆ,” ಎಂದ. ನಗು ಮುಖದಲ್ಲಿರುವಾಗಲೇ ಕೂತ. ಕೂತು ಗಡಿಯಾರದ ಪಟ್ಟಿ ಸಡಿಲಿಸಿದ. ಬಿಚ್ಚಿ ಜೇಬಿಗೆ ಹಾಕಿಕೊಂಡ.

ಅಮ್ಮನೂ ಅದನ್ನು ನೋಡಿದಳು. ತೊಡೆಯ ಮೇಲಿದ್ದ ಅವಳ ಬೆರಳು ಸುಮ್ಮನೆ ಒಮ್ಮೆ ತಿರುಗಿತು, ಒಲೆಯ ಗುಂಡಿ ತಿರುಗಿಸುವ ಹಾಗೆ.

ಸಭೆ ಮುಗಿದ ಮೇಲೆ ಕಾರುಗಳು ಗೇಟಿನ ಕಡೆ ಸಾಲುಗಟ್ಟಿದವು. ಮಗಳು ಅಮ್ಮನ ಕಿಟಕಿ ಹಿಡಿದುಕೊಂಡೇ ನಿಂತಳು.

“ಹಿಂದಿನ ಬಾಗಿಲು ತೆಗಿ. ನಾನೂ ಬರ್ತೀನಿ.”

“ಒಳಗೆ ಹೋಗು ಪುಟ್ಟಿ.”

“ಅಮ್ಮ—”

“ಹೋಗು ಅಂದೆ. ಹೊತ್ತೊತ್ತಿಗೆ ಊಟ ಮಾಡು.”

“ಏನದು ತಾಯಿ ಮಗಳ ಗುಸುಗುಸು? ಇನ್ನೂ ದೂರ ಹೋಗ್ಬೇಕು,” ಎಂದು ಅಪ್ಪ ಕೀಲಿ ತಿರುಗಿಸಿ ಗೇರು ಹಾಕಿದ. ಕಾರು ಒಮ್ಮೆ ಮುಂದಕ್ಕೆ ಜಗ್ಗಿ ಆಫ್ ಆಯಿತು. ಮತ್ತೆ ತಿರುಗಿಸಿದ. ಮತ್ತೆ ಜಗ್ಗಿತು, ಮತ್ತೆ ನಿಂತಿತು.

ಹಿಂದೆ ಹಾರನ್‌ಗಳು ಶುರುವಾದವು. ಯಾರದೋ ಅಪ್ಪ ಕಾರಿನ ಮೇಲಿದ್ದ ಬೋರ್ಡು ಓದಿ, ತಲೆ ಹೊರಗೆ ಹಾಕಿದ. “ಏನ್ ಮೇಷ್ಟ್ರೇ, ಕ್ಲಚ್ ಯಾವ್ದು ಬ್ರೇಕ್ ಯಾವ್ದು ಅಂತ ನಾವು ಹೇಳ್ಕೊಡ್ಬೇಕಾ?”

“ಹಳೇ ಗಾಡಿ ಸಾರ್, ಹಠ ಜಾಸ್ತಿ,” ಎಂದು ಅಪ್ಪ ಕಿಟಕಿಯಿಂದ ಕೈಯಾಡಿಸಿ ನಕ್ಕ. ಮೂರನೆಯ ಸಲ ಕೀಲಿಗೆ ಹೋದ ಅವನ ಬೆರಳು ಅಲ್ಲೇ ನಿಂತಿತು. ನಗು ಇನ್ನೂ ಮುಖದಲ್ಲಿರುವಾಗಲೇ ಪಕ್ಕದ ಸೀಟಿನ ಕೆಳಗೆ ನೋಡಿದ. ಮಗಳೂ ಬಗ್ಗಿ ನೋಡಿದಳು.

ಅಮ್ಮ ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು. ಅವಳ ಎರಡೂ ಪಾದಗಳು ಮೇಷ್ಟ್ರ ಬ್ರೇಕಿನ ಮೇಲಿದ್ದವು.