ಲಾಗರ್ ಪಾಠ

ಮದುವೆಯಾದ ಮೇಲೆ ಮೊದಲ ಸಲ ನಿರಂಜನ ಹೆಂಡತಿಯನ್ನು ಪಬ್‌ಗೆ ಕರೆತಂದಿದ್ದ. ಇಂಚರ ಮೆನು ನೋಡದೆಯೇ ಲಾಗರ್ ತರಲು ಹೇಳಿದಳು.

"ಎಲ್ಲಾ ಬೀರೂ ಒಂದೇ ಅಲ್ವಾ?" ಎಂದ.

"ಅಲ್ಲ ರೀ. ಏಲ್ ಅನ್ನೋ ಬೀರು ಬೆಚ್ಚಗಿದ್ದು ಬೇಗ ಹುದುಗುತ್ತೆ. ಲಾಗರ್ ತಣ್ಣಗೆ, ನಿಧಾನವಾಗಿ ಹುದುಗಿ, ವಾರಗಟ್ಟಲೆ ಚಳಿಯಲ್ಲೇ ಮಾಗಬೇಕು. ಅದಕ್ಕೇ ರುಚಿ ಇಷ್ಟು ತಿಳಿ."

ಅವಳು ಗ್ಲಾಸನ್ನು ಬೆಳಕಿಗೆ ಹಿಡಿದು ನಕ್ಕ ರೀತಿಗೆ ಅವನ ಹೊಟ್ಟೆ ಉರಿಯಿತು. ಯಾವನೋ ಇವಳೆದುರು ಕೂತು, ಇಷ್ಟೇ ಪ್ರೀತಿಯಿಂದ ಇದನ್ನೆಲ್ಲ ಹೇಳಿಕೊಟ್ಟಿದ್ದಾನೆ.

"ಯಾರು ಕಲಿಸಿದ್ದು? ಕಾಲೇಜಿನವನಾ?"

"ಹೇಳ್ಬೇಡ ಅಂದಿದಾರೆ."

"ಈಗಲೂ ಸಿಗ್ತಾನಾ?"

"ದಿನಾ ಸಿಗ್ತಾರೆ."

ಅವನು ಗ್ಲಾಸನ್ನು ಮೇಜಿಗೆ ಕುಕ್ಕಿದ. "ಹೆಸರು ಹೇಳು!"

"ನಿಮ್ಮಮ್ಮ ಕಣ್ರೀ. ಅವರ ಮದುವೆಗೆ ಮುಂಚೆ ಬೀರ್ ಫ್ಯಾಕ್ಟರೀಲಿ ಕೆಲಸಕ್ಕಿದ್ರಂತೆ."